ಮೊದಲು ಸ್ಥಳ, ಅನಂತರ ಸಾಧನ

(ವಿದ್ಯಾರ್ಥಿ ತಂಡಗಳು ರೂಪಿಸುವ ‘ವರ್ಧಿತ ವಾಸ್ತವ’ ಯೋಜನೆಗಳನ್ನು ಕುರಿತ ಉಪನ್ಯಾಸದ ಬರಹರೂಪ)



ಶಾಲೆ ಕಾಲೇಜುಗಳಲ್ಲಿ ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಮಾತು ಈಚೆಗೆ ಪದೇ ಪದೇ ಕೇಳಿಬರುತ್ತಿದೆ. ಕನ್ನಡದಲ್ಲಿ ಇದಕ್ಕೆ ‘ವರ್ಧಿತ ವಾಸ್ತವ’ ಎಂಬ ಹೆಸರು ಬಳಕೆಯಲ್ಲಿದೆ. ಕಣ್ಣೆದುರಿಗಿರುವ ನೈಜ ದೃಶ್ಯದ ಮೇಲೆ, ಆ ಜಾಗಕ್ಕೆ ಹೊಂದುವಂತೆ, ಚಿತ್ರವನ್ನೋ ಅಕ್ಷರವನ್ನೋ ಧ್ವನಿಯನ್ನೋ ಗಣಕಯಂತ್ರವು ಸೇರಿಸಿ ತೋರಿಸುವುದೇ ಈ ವಿದ್ಯೆ. ಬೇಸಿಗೆಯಲ್ಲಿ ಒಣಗಿ ನಿಂತ ಹಳ್ಳದತ್ತ ಮೊಬೈಲ್ ಫೋನಿನ ಕ್ಯಾಮೆರಾ ಹಿಡಿದರೆ, ಅದರಲ್ಲಿ ಹಿಂದೆ ನೀರು ಎಲ್ಲಿಯವರೆಗೆ ಹರಿಯುತ್ತಿತ್ತು ಎಂಬುದನ್ನು ಪರದೆಯ ಮೇಲೆ ಗೆರೆ ಎಳೆದು ತೋರಿಸಬಹುದು. ಕಣ್ಣನ್ನು ಪೂರ್ತಿ ಮುಚ್ಚಿ ಬೇರೊಂದು ಲೋಕಕ್ಕೆ ಒಯ್ಯುವ ‘ಮಿಥ್ಯಾ ವಾಸ್ತವ’ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ವರ್ಧಿತ ವಾಸ್ತವವನ್ನು ನೋಡುವವನು ತಾನು ನಿಂತ ನೆಲದ ಮೇಲೆಯೇ ನಿಂತಿರುತ್ತಾನೆ.

ಇಂಥ ಅನುಭವವೊಂದನ್ನು ವಿದ್ಯಾರ್ಥಿಗಳ ತಂಡ ರೂಪಿಸಬೇಕಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ಇಂದಿನ ವಿಷಯ. ಸಾಮಾನ್ಯವಾಗಿ ತಂಡಗಳು ಸಾಧನದಿಂದ ಆರಂಭಿಸುತ್ತವೆ. ಯಾವ ತಂತ್ರಾಂಶ, ಯಾವ ಫೋನು, ಎಂಥ ಚಿತ್ರ ಎಂಬ ಚರ್ಚೆಯಲ್ಲಿಯೇ ಅರ್ಧ ಅವಧಿ ಕಳೆದು, ಕೊನೆಯಲ್ಲಿ ಇದನ್ನು ಎಲ್ಲಿ ತೋರಿಸೋಣ ಎಂದು ಜಾಗ ಹುಡುಕುತ್ತವೆ. ಈ ಕ್ರಮ ತಲೆಕೆಳಗಾದುದು. ಒಂದು ಸ್ಥಳದ ಮೇಲೆ ಯಾರ ನೆನಪನ್ನು, ಯಾರ ಒಪ್ಪಿಗೆಯಿಂದ, ಯಾವ ಉದ್ದೇಶಕ್ಕೆ ಇರಿಸಲಾಗುತ್ತಿದೆ ಎಂಬುದು ತೀರ್ಮಾನವಾದ ಮೇಲೆಯೇ ಸಾಧನದ ಮಾತು ಬರಬೇಕು. ಈ ವಿದ್ಯೆಯ ಚರಿತ್ರೆಯೇ ಇದಕ್ಕೆ ಆಧಾರ ಒದಗಿಸುತ್ತದೆ.

ಕಾರ್ಖಾನೆಯಿಂದ ಬಯಲಿಗೆ

‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರು ಹುಟ್ಟಿದ್ದು ಅಮೆರಿಕದ ಬೋಯಿಂಗ್ ವಿಮಾನ ಕಂಪನಿಯಲ್ಲಿ. ವಿಮಾನದೊಳಗಿನ ಅಸಂಖ್ಯ ತಂತಿಗಳನ್ನು ಜೋಡಿಸುವ ಕೆಲಸಗಾರರಿಗೆ, ಯಾವ ತಂತಿ ಎಲ್ಲಿಗೆ ಹೋಗಬೇಕೆಂಬುದನ್ನು ಕಣ್ಣಿಗೆ ಕಟ್ಟಿದ ಸಾಧನದ ಮೂಲಕ ತೋರಿಸುವ ಯತ್ನದಲ್ಲಿದ್ದ ಥಾಮಸ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ತಮ್ಮ 1992ರ ಪ್ರಬಂಧದಲ್ಲಿ ಈ ಪದವನ್ನು ಬಳಸಿದರು. ಅಂದು ಅದು ಕಾರ್ಖಾನೆಯ ನಾಲ್ಕು ಗೋಡೆಗಳ ನಡುವಿನ ವಿದ್ಯೆಯಾಗಿತ್ತು.

ಅದನ್ನು ಬಯಲಿಗೆ ತಂದ ಮೊದಲಿಗರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ಅವರ ತಂಡ ಮುಖ್ಯವಾದುದು. 1997ರಲ್ಲಿ ಈ ತಂಡ ‘ಟೂರಿಂಗ್ ಮಷೀನ್’ ಎಂಬ ಸಾಧನವನ್ನು ಸಿದ್ಧಪಡಿಸಿತು. ಬೆನ್ನಿಗೆ ಕಟ್ಟಿಕೊಳ್ಳುವ ಗಣಕಯಂತ್ರ, ತಲೆಗೆ ತೊಡುವ ಪಾರದರ್ಶಕ ಪರದೆ, ಕೈಯಲ್ಲಿ ಹಿಡಿಯುವ ಇನ್ನೊಂದು ಪರದೆ, ಉಪಗ್ರಹದಿಂದ ಸ್ಥಾನ ತಿಳಿಯುವ ಜಿಪಿಎಸ್ ಇವೆಲ್ಲ ಸೇರಿ ಸುಮಾರು 18 ಕಿಲೋ ಭಾರ. ಅದನ್ನು ಹೊತ್ತು ನಡೆಯುವವನಿಗೆ ವಿಶ್ವವಿದ್ಯಾಲಯದ ಕಟ್ಟಡಗಳ ಮೇಲೆ ಅವುಗಳ ಹೆಸರು ತೇಲುವುದು ಕಾಣಿಸುತ್ತಿತ್ತು. ಸಾಧನ ಅದ್ಭುತವೇ ಆಗಿದ್ದರೂ ಅದು ಹೇಳುತ್ತಿದ್ದ ಸಂಗತಿ ಒಂದು ನಾಮಫಲಕ ಹೇಳುವಷ್ಟೇ ಆಗಿತ್ತು.

ಎರಡು ವರ್ಷಗಳಲ್ಲಿ ಈ ಕೊರತೆ ನೀಗಿತು. ಗಣಕ ವಿಜ್ಞಾನ ವಿಭಾಗದ ಟೋಬಿಯಾಸ್ ಹೋಲರರ್ ಮತ್ತು ಫೈನರ್, ಪತ್ರಿಕೋದ್ಯಮ ಶಾಲೆಯ ಜಾನ್ ಪಾವ್ಲಿಕ್ ಅವರೊಡನೆ ಕೈಜೋಡಿಸಿದರು. ಯಂತ್ರವನ್ನು ಬಲ್ಲ ವಿದ್ಯಾರ್ಥಿಗಳೂ ವರದಿ ಬರೆಯುವ ವಿದ್ಯಾರ್ಥಿಗಳೂ ಒಂದೇ ಕೆಲಸಕ್ಕೆ ಕೂಡಿದರು. ಸ್ಥಳಕ್ಕೆ ಅಂಟಿಕೊಂಡ ಸಾಕ್ಷ್ಯಚಿತ್ರಗಳೆಂದು ಕರೆಯಬಹುದಾದ ಹೊಸ ಬಗೆಯೊಂದು 1999ರಲ್ಲಿ ಹೊರಬಂದಿತು. ಆವರಣದಲ್ಲಿ ನಡೆಯುವವನಿಗೆ ಅಲ್ಲಲ್ಲಿ ಬಾವುಟಗಳು ನೆಟ್ಟಂತೆ ಕಾಣುತ್ತಿದ್ದವು. ಒಂದು ಬಾವುಟವನ್ನು ಆರಿಸಿಕೊಂಡರೆ, ಆ ಜಾಗದಲ್ಲಿ ನಡೆದ ಘಟನೆಯ ಛಾಯಾಚಿತ್ರ, ಚಲನಚಿತ್ರದ ತುಣುಕು ಮತ್ತು ವಿವರಣೆ ದೊರೆಯುತ್ತಿದ್ದವು. ಕೊಲಂಬಿಯಾ ವಿಶ್ವವಿದ್ಯಾಲಯ 1897ರಲ್ಲಿ ಈಗಿನ ಎತ್ತರದ ಜಾಗಕ್ಕೆ ಬರುವ ಮುನ್ನ ಅಲ್ಲಿ ಬ್ಲೂಮಿಂಗ್‌ಡೇಲ್ ಎಂಬ ಮಾನಸಿಕ ಚಿಕಿತ್ಸಾಲಯವಿತ್ತು. ಆ ಕಟ್ಟಡಗಳ ಮಾದರಿಯನ್ನು ಅವು ನಿಂತಿದ್ದ ಸ್ಥಳದಲ್ಲಿಯೇ ಎಬ್ಬಿಸಿ ತೋರಿಸಲಾಯಿತು. ಆದರೆ ತಂಡವು ಆರಿಸಿಕೊಂಡ ಕಥೆಗಳಲ್ಲಿ ಪರಿಸರಾಸಕ್ತರಿಗೆ ಹೆಚ್ಚು ಹತ್ತಿರವಾದುದು 1968ರ ವಿದ್ಯಾರ್ಥಿ ಚಳವಳಿಯದು.

ಉದ್ಯಾನವೊಂದರ ಹೋರಾಟ

ಆ ಚಳವಳಿಗೆ ಎರಡು ಕಾರಣಗಳಿದ್ದವು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಿಶ್ವವಿದ್ಯಾಲಯವು ಸೇನಾ ಸಂಶೋಧನೆಯೊಂದಿಗೆ ಇರಿಸಿಕೊಂಡಿದ್ದ ಸಂಬಂಧ ಒಂದು. ಮಾರ್ನಿಂಗ್‌ಸೈಡ್ ಉದ್ಯಾನದ ನೆಲದಲ್ಲಿ ಅದು ಕಟ್ಟಹೊರಟಿದ್ದ ವ್ಯಾಯಾಮಶಾಲೆ ಇನ್ನೊಂದು.

ಮಾರ್ನಿಂಗ್‌ಸೈಡ್ ಉದ್ಯಾನವು ಕಡಿದಾದ ಕಲ್ಲಿನ ಇಳಿಜಾರಿನ ಮೇಲಿದೆ. ಮೇಲ್ಗಡೆ ವಿಶ್ವವಿದ್ಯಾಲಯ, ಕೆಳಗಡೆ ಅಂದು ಕರಿಯ ಜನಾಂಗದವರು ಹೆಚ್ಚಾಗಿ ವಾಸಿಸುತ್ತಿದ್ದ ಹಾರ್ಲೆಮ್. ಅದು ನಗರದ ಸಾರ್ವಜನಿಕ ಆಸ್ತಿ. 1961ರಲ್ಲಿ ಅದರ ಎರಡು ಎಕರೆಯಷ್ಟು ಭಾಗವನ್ನು ವಿಶ್ವವಿದ್ಯಾಲಯವು ಗುತ್ತಿಗೆಗೆ ಪಡೆಯಿತು. ಯೋಜನೆಯ ಪ್ರಕಾರ ಮೇಲಿನ ದೊಡ್ಡ ಭಾಗ ವಿಶ್ವವಿದ್ಯಾಲಯದ್ದು, ಕೆಳಗಿನ ಚಿಕ್ಕ ಭಾಗ ಹಾರ್ಲೆಮ್ ನಿವಾಸಿಗಳದ್ದು. ಬಾಗಿಲುಗಳೂ ಬೇರೆ ಬೇರೆ. ಜನರ ಉದ್ಯಾನದಲ್ಲಿ ಕಟ್ಟಿದ ಮನೆಗೆ ಜನರು ಹಿತ್ತಿಲ ಬಾಗಿಲಿನಿಂದ ಬರಬೇಕೆಂಬ ಈ ಏರ್ಪಾಡು ಸ್ಥಳೀಯರನ್ನು ಕೆರಳಿಸಿತು. 1968ರ ಫೆಬ್ರವರಿಯಲ್ಲಿ ಅಗೆತ ಆರಂಭವಾಯಿತು. ಏಪ್ರಿಲ್ 23ರಂದು ಪ್ರತಿಭಟನೆಗೆ ಸೇರಿದ ವಿದ್ಯಾರ್ಥಿಗಳು ಅಗೆತದ ಜಾಗಕ್ಕೆ ನಡೆದು ಬೇಲಿಯನ್ನು ಕೆಡವಲು ಯತ್ನಿಸಿದರು. ಅನಂತರ ಒಂದೊಂದಾಗಿ ಐದು ಕಟ್ಟಡಗಳನ್ನು ಹಿಡಿದು ಕುಳಿತರು. ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ಬಂದು ಸುಮಾರು 700 ಮಂದಿಯನ್ನು ಬಂಧಿಸಿದರು. ಮಾರನೆಯ ವರ್ಷ ವಿಶ್ವವಿದ್ಯಾಲಯವು ಯೋಜನೆಯನ್ನು ಕೈಬಿಟ್ಟಿತು.

ಅಗೆದ ಗುಂಡಿ ಮಾತ್ರ ಎರಡು ದಶಕಗಳ ಕಾಲ ಹಾಗೆಯೇ ಉಳಿಯಿತು. 1990ರ ಸುಮಾರಿಗೆ ಉದ್ಯಾನವನ್ನು ನವೀಕರಿಸಿದಾಗ ಅದೇ ಗುಂಡಿಯನ್ನು ಒಂದು ಕೊಳವನ್ನಾಗಿಯೂ ಪಕ್ಕದ ಬಂಡೆಯನ್ನು ಜಲಪಾತವನ್ನಾಗಿಯೂ ಮಾಡಲಾಯಿತು. ಇಂದು ಅಲ್ಲಿಗೆ ಹೋದವರಿಗೆ ನೀರು, ಬಾತುಕೋಳಿ, ಮರದ ನೆರಳು ಕಾಣುತ್ತವೆ. ಆ ಕೊಳದ ಹಿಂದೆ ಒಂದು ಹೋರಾಟವಿದೆ ಎಂಬುದನ್ನು ನೀರು ತಾನಾಗಿ ಹೇಳುವುದಿಲ್ಲ.

ವರ್ಧಿತ ವಾಸ್ತವವು ಉಪಯುಕ್ತವಾಗುವುದು ಇಂಥ ಕಡೆಯಲ್ಲಿ. ಕಣ್ಣಿಗೆ ಕಾಣುವುದನ್ನೇ ಮತ್ತೊಮ್ಮೆ ಪರದೆಯ ಮೇಲೆ ತೋರಿಸಿದರೆ ಪ್ರಯೋಜನವಿಲ್ಲ. ನಿಂತ ಜಾಗಕ್ಕೆ ಸೇರಿದ, ಆದರೆ ಈಗ ಕಾಣದಿರುವ ಸಂಗತಿ ಯಾವುದು ಎಂಬ ಪ್ರಶ್ನೆಗೆ ತಂಡದ ಬಳಿ ಉತ್ತರವಿರಬೇಕು. ಕೊಲಂಬಿಯಾದ ತಂಡದಲ್ಲಿ ಯಂತ್ರಜ್ಞರ ಜೊತೆಗೆ ಪತ್ರಿಕೋದ್ಯಮದ ವಿದ್ಯಾರ್ಥಿಗಳಿದ್ದುದರಿಂದಲೇ ಹೆಸರು ತೋರಿಸುವ ಯಂತ್ರವು ಚರಿತ್ರೆ ಹೇಳುವ ಯಂತ್ರವಾಯಿತು.

ಕಾಣದ ವಿಷ, ಕಾಣದ ಉಸಿರು

ಕಾಣದಿರುವುದು ಚರಿತ್ರೆಯೇ ಆಗಬೇಕೆಂದಿಲ್ಲ. ನೆಲದೊಳಗಿನ ನೀರೂ ಕಾಣುವುದಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ಎರಿಕ್ ಕ್ಲಾಪ್ಫರ್ ಮತ್ತು ಕರ್ಟ್ ಸ್ಕ್ವೈರ್ 2000ದ ದಶಕದ ಆರಂಭದಲ್ಲಿ ‘ಎನ್ವಿರಾನ್ಮೆಂಟಲ್ ಡಿಟೆಕ್ಟಿವ್ಸ್’ ಎಂಬ ಆಟವನ್ನು ರೂಪಿಸಿದರು. ಅಂಗೈಯಗಲದ ಗಣಕ ಮತ್ತು ಜಿಪಿಎಸ್ ಹಿಡಿದ ವಿದ್ಯಾರ್ಥಿಗಳು ಸಂಸ್ಥೆಯ ಆವರಣದಲ್ಲಿ ನಡೆದಾಡಿ, ಅಂತರ್ಜಲಕ್ಕೆ ಸೇರಿದ ವಿಷದ ಮೂಲವನ್ನು ಪತ್ತೆಹಚ್ಚಬೇಕಿತ್ತು. ಯಂತ್ರಗಳ ಜಿಡ್ಡು ತೆಗೆಯಲು ಬಳಸುವ ದ್ರಾವಕವೊಂದು ಸೋರಿದೆ ಎಂಬುದು ಆಟದ ಕಲ್ಪನೆ. ಯಾರೂ ನಿಜವಾಗಿ ನೆಲ ಕೊರೆಯುತ್ತಿರಲಿಲ್ಲ. ನಿಂತ ಜಾಗದಲ್ಲಿ ಬಾವಿ ತೋಡಿದರೆ ಸಿಗಬಹುದಾದ ಅಂಕಿ ಪರದೆಯ ಮೇಲೆ ಬರುತ್ತಿತ್ತು. ಕಾಲ್ಪನಿಕ ತಜ್ಞರನ್ನು ವಿಚಾರಿಸಲು ಅವಕಾಶವಿತ್ತು, ಆದರೆ ಸಮಯ ಮಿತವಾಗಿತ್ತು. ಎಲ್ಲ ಕಡೆ ಬಾವಿ ತೋಡುತ್ತ ಹೋದರೆ ಸಾಲದು, ಎಲ್ಲರನ್ನೂ ಮಾತನಾಡಿಸುತ್ತ ಕುಳಿತರೂ ಸಾಲದು. ಎರಡನ್ನೂ ತೂಗಿ ನೋಡಿ ನಿರ್ಧಾರಕ್ಕೆ ಬರಬೇಕು.

ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಡೀಡ್, ಏಮಿ ಕಾಮರೈನೆನ್ ಮತ್ತು ಸಂಗಡಿಗರ ‘ಇಕೋಮೊಬೈಲ್’ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2010ರ ದಶಕದ ಆರಂಭದಲ್ಲಿ 6ನೆಯ ತರಗತಿಯ ಮಕ್ಕಳನ್ನು ಕೇಂಬ್ರಿಜ್ ಪಟ್ಟಣದ ಬ್ಲ್ಯಾಕ್ಸ್ ನೂಕ್ ಎಂಬ ಕೊಳಕ್ಕೆ ಕರೆದೊಯ್ಯಲಾಯಿತು. ಕೊಳದ ಸುತ್ತಲಿನ ನಿರ್ದಿಷ್ಟ ಜಾಗಗಳಿಗೆ ಬಂದಾಗ ಫೋನು ಪ್ರಶ್ನೆ ಕೇಳುತ್ತಿತ್ತು, ಚಿತ್ರ ತೋರಿಸುತ್ತಿತ್ತು. ಆದರೆ ಉತ್ತರವನ್ನು ಮಕ್ಕಳು ಕೊಳದಿಂದಲೇ ಪಡೆಯಬೇಕಿತ್ತು. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು, ನೀರು ಎಷ್ಟು ರಾಡಿಯಾಗಿದೆ ಎಂಬುದನ್ನು ಮಾಪಕ ಇಳಿಸಿ ಅಳೆಯಬೇಕಿತ್ತು. ಗೊಬ್ಬರದ ಸಾರ ಮಳೆನೀರಿನೊಡನೆ ಕೊಳಕ್ಕೆ ಇಳಿದರೆ ಪಾಚಿ ವಿಪರೀತ ಬೆಳೆಯುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕರಗಿಹೋಗಿ ಮೀನು ಸಾಯುತ್ತದೆ. ಕೆರೆಯ ಮೇಲ್ಭಾಗದಲ್ಲಿ ತೋಟವಿರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೆಯು ದಾರಿ ತೋರಿಸಬೇಕು, ಕೈ ನೀರನ್ನು ಮುಟ್ಟಬೇಕು ಎಂಬ ಈ ವಿಭಜನೆಯನ್ನು ಪ್ರತಿ ತಂಡವೂ ನೆನಪಿಡುವುದು ಒಳ್ಳೆಯದು.

ತಂಡದ ಕೆಲಸದ ಕ್ರಮ

ಈ ಉದಾಹರಣೆಗಳಿಂದ ಕೆಲಸದ ಒಂದು ಕ್ರಮ ಹೊರಡುತ್ತದೆ.

ಮೊದಲನೆಯದಾಗಿ, ತಂಡದ ರಚನೆ. ಐದಾರು ಮಂದಿ ಸಾಕು. ಒಬ್ಬರು ತಂತ್ರಾಂಶ ನೋಡಿಕೊಳ್ಳಲಿ, ಒಬ್ಬರು ಚಿತ್ರ ಬರೆಯಲಿ, ಒಬ್ಬರು ಧ್ವನಿಮುದ್ರಣ ಮಾಡಲಿ, ಒಬ್ಬರು ಹಿರಿಯರನ್ನು ಮಾತನಾಡಿಸಿ ಬರೆದುಕೊಳ್ಳಲಿ, ಒಬ್ಬರು ದಾಖಲೆಗಳನ್ನು ಹೋಲಿಸಿ ಸತ್ಯಾಸತ್ಯ ಪರೀಕ್ಷಿಸಲಿ. ಗಿಡಮರಗಳನ್ನು, ನೀರಿನ ದಾರಿಯನ್ನು ಬಲ್ಲ ಊರಿನ ಹಿರಿಯರೊಬ್ಬರು ಅತಿಥಿಯಾಗಿರದೆ ತಂಡದ ಸದಸ್ಯರೇ ಆಗಿರಬೇಕು. ಕೊಲಂಬಿಯಾದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಹಳ್ಳಿಯಲ್ಲಿ ಅವರು ಮಾಡಬಲ್ಲರು.

ಎರಡನೆಯದಾಗಿ, ಫೋನನ್ನು ಚೀಲದಲ್ಲಿಟ್ಟು ಸ್ಥಳದಲ್ಲಿ ನಡೆಯುವುದು. ಒಂದೇ ದಾರಿಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಾಧ್ಯವಾದರೆ ಬೇರೆ ಬೇರೆ ಋತುಗಳಲ್ಲಿ ನಡೆಯಬೇಕು. ಎಲ್ಲಿ ಜನರು ತಾವಾಗಿ ನಿಲ್ಲುತ್ತಾರೆ, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ನೀರಿನ ಸದ್ದಿನಿಂದ ಮಾತು ಕೇಳಿಸದು ಎಂಬುದನ್ನು ಕೈಯಿಂದ ಬರೆದ ನಕ್ಷೆಯಲ್ಲಿ ಗುರುತಿಸಬೇಕು. ಅನಂತರ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ‘ಈ ಝರಿ ಬೇಸಿಗೆಯಲ್ಲಿ ಏಕೆ ಬತ್ತಿತು?’ ಎಂಬುದು ಪ್ರಶ್ನೆ. ‘ನಮ್ಮೂರಿನ ಪರಿಸರ’ ಎಂಬುದು ಪ್ರಶ್ನೆಯಲ್ಲ. ಅದರ ಹಿಂದೆ ಹೊರಟ ತಂಡ ಎಲ್ಲವನ್ನೂ ತುರುಕಿ ಯಾವುದನ್ನೂ ಹೇಳದೆ ಮುಗಿಸುತ್ತದೆ.

ಮೂರನೆಯದಾಗಿ, ಕಾಗದದ ಮೇಲೆ ಪ್ರಯೋಗ. ತೋರಿಸಬೇಕೆಂದಿರುವ ಚಿತ್ರವನ್ನು ರಟ್ಟಿನ ಮೇಲೆ ಬರೆದು, ನಿಗದಿತ ಜಾಗದಲ್ಲಿ ಹಿಡಿದು ನಿಂತು, ಹೇಳಬೇಕಾದ ಮಾತನ್ನು ಬಾಯಲ್ಲಿಯೇ ಹೇಳಿ, ಹೊಸಬರೊಬ್ಬರನ್ನು ನಡೆಸಿಕೊಂಡು ಬರಬೇಕು. ಅವರಿಗೆ ಬೇಸರವಾದ ಕಡೆ ಯಂತ್ರ ಬಂದ ಮೇಲೂ ಬೇಸರವೇ ಆಗುತ್ತದೆ. ಕಾಗದದ ಮೇಲಿನ ತಪ್ಪನ್ನು ತಿದ್ದಲು ಒಂದು ಗಳಿಗೆ ಸಾಕು. ಸಿದ್ಧವಾದ ತಂತ್ರಾಂಶದಲ್ಲಿ ತಿದ್ದಲು ವಾರಗಳು ಬೇಕು.

ನಾಲ್ಕನೆಯದಾಗಿ, ಸಾಧನದ ಆಯ್ಕೆ. ಚಿತ್ರವನ್ನು ಸ್ಥಳಕ್ಕೆ ಹೊಂದಿಸಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಫೋನು ಜಿಪಿಎಸ್ ಮೂಲಕ ತನ್ನ ಸ್ಥಾನ ತಿಳಿಯುವುದು ಒಂದು; ಮೊದಲೇ ಇರಿಸಿದ ಗುರುತನ್ನೋ ಚಿತ್ರವನ್ನೋ ಕ್ಯಾಮೆರಾ ಗುರುತಿಸುವುದು ಇನ್ನೊಂದು. ಆಕಾಶ ತೆರೆದಿರುವ ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನ ಒಳಗೆ ಸ್ಥಾನ ಹೇಳುತ್ತದೆ. ದಟ್ಟ ಕಾಡಿನ ಕೆಳಗೆ, ಕಣಿವೆಯಲ್ಲಿ, ಬಂಡೆಗಳ ಮಗ್ಗುಲಲ್ಲಿ ಈ ಅಂತರ ಇನ್ನೂ ಹೆಚ್ಚುತ್ತದೆ. ಒಂದು ನಿರ್ದಿಷ್ಟ ಮರವನ್ನು ಜಿಪಿಎಸ್ ನಂಬಿ ತೋರಿಸಹೊರಟರೆ ಪಕ್ಕದ ಮರಕ್ಕೆ ಕಥೆ ಅಂಟಿಕೊಳ್ಳುವ ಸಂಭವವುಂಟು. ಆದುದರಿಂದ ಮಲೆನಾಡಿನಂಥ ಕಡೆ, ದಾರಿ ಬದಿಯಲ್ಲಿ ಇರಿಸಿದ ಗುರುತಿನ ಫಲಕವನ್ನು ಕ್ಯಾಮೆರಾ ಓದುವ ವಿಧಾನ ಹೆಚ್ಚು ನಂಬಿಕೆಗೆ ಅರ್ಹ. ಫಲಕವನ್ನು ಮರಕ್ಕೆ ಮೊಳೆ ಹೊಡೆದು ತೂಗುಹಾಕಬಾರದು. ಕಲ್ಲಿಗೋ ಕಂಬಕ್ಕೋ ಆನಿಸಬೇಕು. ನೆಟ್‌ವರ್ಕ್ ಸಿಗದ ಕಡೆಗಳಲ್ಲಿ ಎಲ್ಲ ಸಾಮಗ್ರಿಯೂ ಮೊದಲೇ ಫೋನಿನಲ್ಲಿ ಇರಬೇಕು. ಬಿಸಿಲಿನಲ್ಲಿ ಪರದೆ ಮಸುಕಾಗುತ್ತದೆ, ಮಳೆಯಲ್ಲಿ ಬೆರಳಿನ ಸ್ಪರ್ಶ ಕೆಲಸ ಮಾಡದು. ಹೀಗಾಗಿ ಮುಖ್ಯ ಸಂಗತಿಯನ್ನು ಧ್ವನಿಯಲ್ಲಿ ಹೇಳಿ, ಚಿತ್ರವನ್ನು ಅಗತ್ಯವಿದ್ದಲ್ಲಿ ಮಾತ್ರ ಬಳಸುವುದು ಜಾಣತನ. ನಡೆಯುವಾಗ ಪರದೆ ಆರಿರಬೇಕು, ನಿಂತಾಗ ಮಾತ್ರ ಬೆಳಗಬೇಕು. ಫೋನಿಲ್ಲದವರಿಗಾಗಿ ಅದೇ ಕಥೆಯ ಮುದ್ರಿತ ಹಾಳೆಯೂ ಸಿದ್ಧವಿರಲಿ.

ಐದನೆಯದಾಗಿ, ದಾಖಲೆ ಮತ್ತು ಕಲ್ಪನೆಗಳ ನಡುವಿನ ಗೆರೆ. ಆಟಕ್ಕಾಗಿ ‘ಈ ಬಾವಿಯಲ್ಲಿ ವಿಷವಿದೆ’ ಎಂದು ತೋರಿಸಿದರೆ ಊರಿನಲ್ಲಿ ಗಾಳಿಸುದ್ದಿ ಹಬ್ಬಲು ಬಹಳ ಹೊತ್ತು ಬೇಡ. ಯಾವುದು ಅಳೆದ ಅಂಕಿ, ಯಾವುದು ಹಿರಿಯರ ನೆನಪು, ಯಾವುದು ತಂಡದ ಊಹೆ ಎಂಬುದನ್ನು ಪರದೆಯ ಮೇಲೆಯೇ ಬಣ್ಣದಿಂದಲೋ ಮಾತಿನಿಂದಲೋ ಬೇರ್ಪಡಿಸಿ ತೋರಿಸಬೇಕು.

ಒಪ್ಪಿಗೆ ಮತ್ತು ಹಾನಿ

ಕಾಗದದ ಫಲಕ ನೆಡಲು ಜಾಗದ ಒಡೆಯರ ಅನುಮತಿ ಬೇಕು. ಪರದೆಯ ಮೇಲೆ ಮಾತ್ರ ಕಾಣುವ ಫಲಕಕ್ಕೆ ಯಾರ ಅನುಮತಿ ಬೇಕು? 2016ರಲ್ಲಿ ‘ಪೋಕೆಮಾನ್ ಗೋ’ ಎಂಬ ಆಟ ಲೋಕದಾದ್ಯಂತ ಹಬ್ಬಿದಾಗ ಈ ಪ್ರಶ್ನೆ ಎದುರಾಯಿತು. ಆಟದ ಕಾಲ್ಪನಿಕ ಪ್ರಾಣಿಗಳು ವಾಷಿಂಗ್ಟನ್ನಿನ ಹೊಲೊಕಾಸ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಪೋಲೆಂಡಿನ ಆಶ್‌ವಿಟ್ಜ್ ಸ್ಮಾರಕದಲ್ಲಿಯೂ ಪರದೆಗೆ ಬಂದವು. ಲಕ್ಷಾಂತರ ಜನರ ಹತ್ಯೆಯನ್ನು ಸ್ಮರಿಸುವ ಜಾಗಗಳಲ್ಲಿ ಆಟ ಸಲ್ಲದೆಂದು ಆ ಸಂಸ್ಥೆಗಳು ಆಕ್ಷೇಪಿಸಬೇಕಾಯಿತು. ಅದೇ ವರ್ಷ ಅಮೆರಿಕದ ಮಿಲ್ವಾಕಿಯ ಲೇಕ್ ಪಾರ್ಕ್ ಉದ್ಯಾನಕ್ಕೆ ಆಟಗಾರರು ಗುಂಪು ಗುಂಪಾಗಿ ಬಂದು ಹುಲ್ಲು ತುಳಿದರು, ಕಸ ಬಿಟ್ಟುಹೋದರು. ಅಲ್ಲಿಯ ಆಡಳಿತವು 2017ರಲ್ಲಿ ಉದ್ಯಾನಗಳಲ್ಲಿ ಇಂಥ ಆಟಗಳಿಗೆ ಪರವಾನಗಿ ಕಡ್ಡಾಯಗೊಳಿಸಿತು. ಕಂಪನಿಯೊಂದು ಮೊಕದ್ದಮೆ ಹೂಡಿತು. ವಾಕ್‌ಸ್ವಾತಂತ್ರ್ಯದ ನೆಲೆಯಲ್ಲಿ ನ್ಯಾಯಾಲಯವು ಆ ನಿಯಮಕ್ಕೆ ತಡೆ ನೀಡಿತು. ಪರದೆಯ ಮೇಲಿನ ಚಿತ್ರಕ್ಕೆ ತೂಕವಿಲ್ಲದಿದ್ದರೂ ಅದನ್ನು ನೋಡಲು ಬರುವ ಕಾಲುಗಳಿಗೆ ತೂಕವುಂಟು. ಕಾನೂನು ತಡೆಯದ ಕಡೆಯಲ್ಲಿ ತಂಡದ ವಿವೇಕವೇ ತಡೆಯಬೇಕು.

ಇನ್ನೊಂದು ಅಪಾಯ ಹೆಚ್ಚು ಗಂಭೀರವಾದುದು. ದಕ್ಷಿಣ ಚೀನಾದ ಗುಡ್ಡಗಳ ಗುಹೆಗಳಲ್ಲಿ ವಾಸಿಸುವ ಒಂದು ಜಾತಿಯ ಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ಮೊದಲ ಬಾರಿಗೆ ವರ್ಣಿಸಿದರು. ಅದು ಸಿಕ್ಕ ಜಾಗವನ್ನೂ ಪ್ರಕಟಿಸಿದರು. ಸಾಕುಪ್ರಾಣಿಗಳ ವ್ಯಾಪಾರಕ್ಕಾಗಿ ಹಿಡಿಯುವವರು ಅದರ ಬೆನ್ನು ಹತ್ತಿದರು, ಆ ಜಾಗದಿಂದ ಹಲ್ಲಿಯೇ ಮಾಯವಾಯಿತು. ಆಸ್ಟ್ರೇಲಿಯದ ಡೇವಿಡ್ ಲಿಂಡನ್‌ಮೇಯರ್ ಮತ್ತು ಬೆನ್ ಶೀಲೆ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಅಪರೂಪದ ಜೀವಿಗಳ ನಿಖರ ನೆಲೆಯನ್ನು ಪ್ರಕಟಿಸಬೇಡಿರೆಂದು ವಿಜ್ಞಾನಿಗಳಿಗೇ ಎಚ್ಚರಿಕೆ ನೀಡಿದರು. ವರ್ಧಿತ ವಾಸ್ತವವೆಂದರೆ ನಿಖರ ನೆಲೆಯನ್ನು ಬೆರಳಿಟ್ಟು ತೋರಿಸುವ ವಿದ್ಯೆಯೇ ಆಗಿರುವುದರಿಂದ ಈ ಎಚ್ಚರಿಕೆ ವಿದ್ಯಾರ್ಥಿಗಳಿಗೆ ಇಮ್ಮಡಿಯಾಗಿ ಅನ್ವಯಿಸುತ್ತದೆ. ಹಕ್ಕಿಯ ಗೂಡು, ಅಪರೂಪದ ಸೀತಾಳೆ, ಔಷಧಿಗೆಂದು ಕಳವಾಗುವ ಬೇರು ಮತ್ತು ತೊಗಟೆ ಇವುಗಳ ಜಾಗ ಯೋಜನೆಯಲ್ಲಿ ಎಲ್ಲಿಯೂ ಬರಕೂಡದು. ದೇವರಕಾಡಿನ ವಿಷಯದಲ್ಲಿ, ಅದನ್ನು ಕಾಯುತ್ತ ಬಂದವರು ಬೇಡವೆಂದರೆ ಅಲ್ಲಿಗೆ ವಿಷಯ ಮುಗಿಯಬೇಕು. ಏನನ್ನು ತೋರಿಸಬಾರದು ಎಂಬ ಪಟ್ಟಿಯನ್ನು ಊರಿನವರೊಡನೆ ಕುಳಿತು ಮೊದಲೇ ಬರೆಯುವ ತಂಡವು ಅರ್ಧ ವಿನ್ಯಾಸವನ್ನು ಮುಗಿಸಿದಂತೆಯೇ ಸರಿ.

ಉಳಿಯುವುದು ಯಾವುದು?

ಸಾಧನಗಳ ಆಯುಷ್ಯ ಕಡಿಮೆ. ಮೆಟಾ ಕಂಪನಿಯ ‘ಸ್ಪಾರ್ಕ್’ ಎಂಬ ವೇದಿಕೆಯಲ್ಲಿ ಲೋಕದ ಅಸಂಖ್ಯ ಜನರು ವರ್ಧಿತ ವಾಸ್ತವದ ಕೆಲಸಗಳನ್ನು ರೂಪಿಸಿದ್ದರು. 2025ರ ಜನವರಿಯಲ್ಲಿ ಕಂಪನಿಯು ಅದನ್ನು ಮುಚ್ಚಿದಾಗ ಹೊರಗಿನವರು ಮಾಡಿದ ಆ ಕೆಲಸಗಳು ಪರದೆಯಿಂದ ಮರೆಯಾದವು. ಯಾರೋ ದೂರದಲ್ಲಿ ಕುಳಿತು ತೆಗೆದುಕೊಳ್ಳುವ ತೀರ್ಮಾನಕ್ಕೆ ಊರಿನ ನೆನಪನ್ನು ಒತ್ತೆಯಿಡಬಾರದು. ಮುದ್ರಿಸಿಕೊಂಡ ಮಾತುಗಳು, ಛಾಯಾಚಿತ್ರಗಳು, ಕೈಬರಹದ ನಕ್ಷೆ, ಅಳೆದ ಅಂಕಿಗಳು ಇವೆಲ್ಲದರ ಒಂದು ಪ್ರತಿ ಶಾಲೆಯ ಅಥವಾ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಯಾವ ತಂತ್ರಾಂಶದ ಹಂಗೂ ಇಲ್ಲದ ರೂಪದಲ್ಲಿ ಇರಬೇಕು. ಮುಂದಿನ ತಂಡ ಆಗಿನ ಸಾಧನದಲ್ಲಿ ಅದನ್ನು ಮತ್ತೆ ಕಟ್ಟಬಹುದು.

ಮಲೆನಾಡಿನ ವಿದ್ಯಾರ್ಥಿಗಳಿಗೆ ಕಥೆಗಳ ಕೊರತೆಯಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಸಮೀಪದ ಕಾಡಿನಲ್ಲಿ ಮರಗಳನ್ನು ತಬ್ಬಿ ನಿಂತು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿ ಹೀಗೆ ಆರಂಭವಾಯಿತು. ಅಂದು ಮರ ತಬ್ಬಿದವರಲ್ಲಿ ಇಪ್ಪತ್ತರ ವಯಸ್ಸಿನವರಿಗೆ ಇಂದು ಅರವತ್ತು ದಾಟಿದೆ. ಯಾವ ದಾರಿಯಲ್ಲಿ ನಡೆದರು, ಎಲ್ಲಿ ನಿಂತರು, ಗುತ್ತಿಗೆದಾರನ ಆಳುಗಳೊಡನೆ ಏನು ಮಾತನಾಡಿದರು ಎಂಬುದು ಅಂಥವರ ನೆನಪಿನಲ್ಲಿದೆ. ಕೊಲಂಬಿಯಾದ ತಂಡಕ್ಕೆ 1968ರ ಛಾಯಾಚಿತ್ರಗಳೂ ಸುದ್ದಿಚಿತ್ರಗಳೂ ಸಿಕ್ಕವು. ಮಲೆನಾಡಿನ ಹಳ್ಳಿಗಳ ಚರಿತ್ರೆಗೆ ಅಷ್ಟು ಚಿತ್ರದಾಖಲೆಯಿಲ್ಲ. ಅದರ ಬಹುಪಾಲು ಹಿರಿಯರ ಬಾಯಲ್ಲಿದೆ. ತಂತ್ರಾಂಶವನ್ನು ಮುಂದಿನ ವರ್ಷ ಕಲಿತರೂ ನಡೆಯುತ್ತದೆ. ಹಿರಿಯರ ಮಾತನ್ನು ಮುದ್ರಿಸಿಕೊಳ್ಳುವ ಕೆಲಸಕ್ಕೆ ಆ ಸಮಯಾವಕಾಶವಿಲ್ಲ. ಆದುದರಿಂದ ವಿದ್ಯಾರ್ಥಿ ತಂಡಗಳು ಈ ರಜೆಯಲ್ಲಿಯೇ ಒಂದು ನೋಟುಪುಸ್ತಕ ಹಿಡಿದು ತಮ್ಮ ಊರಿನ ಒಂದು ದಾರಿಯಲ್ಲಿ ಹಿರಿಯರೊಬ್ಬರ ಜೊತೆಗೆ ನಡೆಯಲಿ. ಹಿರಿಯರು ಅವರನ್ನು ಕರೆದೊಯ್ಯಲಿ.